ದುಬಾರಿ ಮಾನಿಟರಿನ ಬೆಲೆ: ಚಿತ್ರನಳಿಕೆಯಿಂದ ಖಾತರಿ ಪತ್ರದವರೆಗೆ

ಗಣಕಯಂತ್ರದ ಭಾಗಗಳಲ್ಲಿ ಸಂಸ್ಕಾರಕದ ವೇಗವನ್ನಾಗಲಿ ಮೆಮೊರಿಯ ಗಾತ್ರವನ್ನಾಗಲಿ ಅಂಕಿಗಳಲ್ಲಿ ಹೋಲಿಸಿ ಬೆಲೆ ಕಟ್ಟಬಹುದು; ಮಾನಿಟರಿನ ವಿಷಯದಲ್ಲಿ ಅದು ಎಂದೂ ಅಷ್ಟು ಸುಲಭವಾಗಿರಲಿಲ್ಲ. ಒಂದೇ ಅಳತೆಯ ಎರಡು ಮಾನಿಟರುಗಳಲ್ಲಿ, ಚಿತ್ರವನ್ನು ಕಟ್ಟುವ ಬೆಳಕಿನ ಚುಕ್ಕೆಗಳಾದ ಪಿಕ್ಸೆಲ್‌ಗಳ ಸಂಖ್ಯೆಯೂ ಸಮನಾಗಿದ್ದು, ಒಂದರ ಬೆಲೆ ಮಾತ್ರ ಇನ್ನೊಂದರ ಮೂರು ಪಟ್ಟು ಇರುವುದು ಈ ವ್ಯಾಪಾರದಲ್ಲಿ ಹೊಸತೇನಲ್ಲ. ಹೆಸರಾಂತ ಕಂಪನಿಯ ಮಾಲಿಗೆ ತೆರುವ ಈ ಹೆಚ್ಚುವರಿ ಹಣ ಸಾರ್ಥಕವೇ ಎಂಬ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳಲ್ಲಿ ಒಂದೇ ಉತ್ತರ ಸಲ್ಲಲಿಲ್ಲ. ಏಕೆಂದರೆ ಆ ಹಣಕ್ಕೆ ಪ್ರತಿಯಾಗಿ ಕೈಗೆ ಬರುತ್ತಿದ್ದುದೇ ಕಾಲಕಾಲಕ್ಕೆ ಬದಲಾಗುತ್ತ ಹೋಯಿತು.

ಮೊದಲ ಘಟ್ಟದಲ್ಲಿ ಬೆಲೆಯ ಮೂಲವಿದ್ದದ್ದು ಗಾಜಿನ ನಳಿಕೆಯಲ್ಲಿ. ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕ್ಯಾಥೋಡ್ ಕಿರಣ ನಳಿಕೆಯೇ ಮುಂದೆ ಪಿಕ್ಚರ್ ಟ್ಯೂಬ್ ಎಂದು ಜನಬಳಕೆಗೆ ಬಂದಿತು. ನಿರ್ವಾತ ನಳಿಕೆಯ ಹಿಂಬದಿಯಿಂದ ಹೊರಟ ಎಲೆಕ್ಟ್ರಾನ್ ಕಿರಣವು ಮುಂಬದಿಯ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಎಂಬ ಲೇಪಕ್ಕೆ ಬಡಿದಾಗ ಅಲ್ಲಿ ಬೆಳಕು ಮೂಡುತ್ತದೆ. ಬಣ್ಣದ ಚಿತ್ರಕ್ಕಾದರೆ ಕೆಂಪು, ಹಸಿರು, ನೀಲಿ ಲೇಪಗಳಿಗೆ ಹೋಗಬೇಕಾದ ಮೂರು ಕಿರಣಗಳು ಒಂದರ ಜಾಗದಲ್ಲಿ ಇನ್ನೊಂದು ಬೀಳದಂತೆ ತಡೆಯಬೇಕು. ಅಮೆರಿಕದ ಆರ್‌ಸಿಎ ಕಂಪನಿ 1950ರಲ್ಲಿ ಪ್ರದರ್ಶಿಸಿದ ನಳಿಕೆಯಲ್ಲಿ ಈ ಕೆಲಸಕ್ಕೆ ಶ್ಯಾಡೋ ಮಾಸ್ಕ್ ಎಂಬ, ನುಣ್ಣನೆಯ ರಂಧ್ರಗಳುಳ್ಳ ಲೋಹದ ತಗಡನ್ನು ಬಳಸಲಾಗಿತ್ತು. ಕಿರಣಗಳ ಬಹುಪಾಲು ಆ ತಗಡಿನಲ್ಲಿಯೇ ವ್ಯಯವಾಗುತ್ತಿದ್ದುದರಿಂದ ಚಿತ್ರ ಮಂಕಾಗುವುದು ಈ ಪದ್ಧತಿಯ ಹುಟ್ಟುದೋಷವಾಗಿತ್ತು.

ಜಪಾನಿನ ಸೋನಿ ಕಂಪನಿ ಇದಕ್ಕೆ ಪರ್ಯಾಯ ಹುಡುಕಲು ಹೊರಟು ಮೊದಲು ಕೈ ಸುಟ್ಟುಕೊಂಡಿತು. ಅರ್ನೆಸ್ಟ್ ಲಾರೆನ್ಸ್ ಎಂಬ ಅಮೆರಿಕದ ಭೌತವಿಜ್ಞಾನಿಯ ಕಲ್ಪನೆಯಾದ ಕ್ರೋಮಟ್ರಾನ್ ನಳಿಕೆಯನ್ನು ಅದು 1960ರ ದಶಕದ ನಡುವಿನಲ್ಲಿ ಮಾರುಕಟ್ಟೆಗೆ ತಂದಾಗ, ಒಂದೊಂದು ಟಿವಿಯ ತಯಾರಿಕೆಗೂ ಮಾರುವ ಬೆಲೆಗಿಂತ ಎಷ್ಟೋ ಹೆಚ್ಚು ಖರ್ಚು ಬೀಳುತ್ತಿತ್ತು. ಆ ಸೋಲಿನ ಬೆನ್ನಿಗೇ, ಸ್ಥಾಪಕರಲ್ಲೊಬ್ಬರಾದ ಮಸಾರು ಇಬುಕಾ ಅವರ ನೇತೃತ್ವದಲ್ಲಿ ನಡೆದ ಕೆಲಸದಿಂದ 1968ರಲ್ಲಿ ಟ್ರಿನಿಟ್ರಾನ್ ಹೊರಬಂದಿತು. ಇದರಲ್ಲಿ ರಂಧ್ರಗಳ ತಗಡಿನ ಬದಲು ಅಪರ್ಚರ್ ಗ್ರಿಲ್ ಎಂಬ, ಬಿಗಿಯಾಗಿ ಎಳೆದು ಕಟ್ಟಿದ ಲಂಬ ಪಟ್ಟಿಗಳ ಜಾಲರಿಯಿತ್ತು. ಹೆಚ್ಚು ಎಲೆಕ್ಟ್ರಾನ್‌ಗಳು ಒಳನುಗ್ಗುತ್ತಿದ್ದುದರಿಂದ ಚಿತ್ರ ಬೆಳಗುತ್ತಿತ್ತು, ಜೊತೆಗೆ ಪರದೆ ಮೇಲೆ ಕೆಳಗೆ ಬಾಗದೆ ಅಡ್ಡಲಾಗಿ ಮಾತ್ರ ಬಾಗಿದ್ದರಿಂದ ಕೋಣೆಯ ದೀಪಗಳ ಪ್ರತಿಬಿಂಬವೂ ಕಡಿಮೆಯಾಗುತ್ತಿತ್ತು. ಟಿವಿಗಾಗಿ ಹುಟ್ಟಿದ ಈ ನಳಿಕೆ ಗಣಕಯಂತ್ರಗಳ ಮೇಜಿಗೂ ಬಂದಿತು: ಆಪಲ್ ಕಂಪನಿ 1987ರಲ್ಲಿ ಮ್ಯಾಕಿಂಟೋಷ್ 2 ಯಂತ್ರದ ಜೊತೆ 999 ಡಾಲರಿಗೆ ಮಾರಿದ 13 ಇಂಚಿನ ಬಣ್ಣದ ಮಾನಿಟರಿನೊಳಗೆ ಇದ್ದದ್ದು ಟ್ರಿನಿಟ್ರಾನ್ ನಳಿಕೆಯೇ. ಪೇಟೆಂಟಿನ ರಕ್ಷಣೆ ಇದ್ದಷ್ಟು ಕಾಲ ಆ ಜಾಲರಿಯ ನಳಿಕೆಯನ್ನು ಬೇರೆಯವರು ಸ್ವತಂತ್ರವಾಗಿ ತಯಾರಿಸುವಂತಿರಲಿಲ್ಲ. ಆದ್ದರಿಂದ ಹೆಚ್ಚು ಬೆಲೆಗೆ ಪ್ರತಿಯಾಗಿ ಗ್ರಾಹಕನಿಗೆ ನಿಜಕ್ಕೂ ಬೇರೆಯದೇ ಆದ ವಸ್ತು ಸಿಗುತ್ತಿತ್ತು ಎಂದು ಈ ಘಟ್ಟದ ಬಗ್ಗೆ ನಿಸ್ಸಂಕೋಚವಾಗಿ ಹೇಳಬಹುದು.

ಆದರೂ ಹೋಲಿಕೆಯಲ್ಲಿ ಮೋಸಹೋಗಲು ಆಗಲೂ ದಾರಿಗಳಿದ್ದವು. ಒಂದೇ ಬಣ್ಣದ ಎರಡು ನೆರೆಯ ಚುಕ್ಕೆಗಳ ನಡುವಿನ ಅಂತರವನ್ನು ಡಾಟ್ ಪಿಚ್ ಎಂದು ಕರೆಯುತ್ತಿದ್ದರು. ಅದು ಕಡಿಮೆಯಾದಷ್ಟೂ ಚಿತ್ರ ಸ್ಫುಟ ಎಂಬುದು ಅಂಗಡಿಗಳಲ್ಲಿ ಚಾಲ್ತಿಯಲ್ಲಿದ್ದ ಮಾತು. ಶ್ಯಾಡೋ ಮಾಸ್ಕ್ ಮಾನಿಟರುಗಳಲ್ಲಿ ಈ ಅಂತರವನ್ನು ಓರೆಯಾಗಿಯೂ, ಟ್ರಿನಿಟ್ರಾನ್‌ನಲ್ಲಿ ಪಟ್ಟಿಗಳ ನಡುವೆ ಅಡ್ಡಲಾಗಿಯೂ ಅಳೆಯುತ್ತಿದ್ದರು. ಓರೆಯಾಗಿ 0.28 ಮಿ.ಮೀ. ಇದ್ದ ಅಗ್ಗದ ಮಾನಿಟರನ್ನು ಅಡ್ಡಲಾಗಿ ಅಳೆದರೆ ಅದು ಸುಮಾರು 0.24 ಮಿ.ಮೀ. ಆಗುತ್ತಿದ್ದುದರಿಂದ, ಜಾಹೀರಾತಿನಲ್ಲಿ 0.25 ಎಂದು ಬೀಗುತ್ತಿದ್ದ ದುಬಾರಿ ಮಾಲಿಗಿಂತ ಅದು ಆ ಒಂದು ಲೆಕ್ಕದಲ್ಲಿ ಹಿಂದಿರಲಿಲ್ಲ. ಗಾತ್ರದ ಲೆಕ್ಕವೂ ಹೀಗೆಯೇ: ಚೌಕಟ್ಟಿನೊಳಗೆ ಅಡಗಿದ ಗಾಜಿನ ಅಂಚನ್ನೂ ಸೇರಿಸಿ 17 ಇಂಚು ಎಂದು ಮಾರುತ್ತಿದ್ದ ಮಾನಿಟರಿನಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಸುಮಾರು 16 ಇಂಚು ಮಾತ್ರ, ಮತ್ತು 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆಯೇ ಕಾಣುವ ಅಳತೆಯನ್ನು ಪೆಟ್ಟಿಗೆಯ ಮೇಲೆ ಪ್ರತ್ಯೇಕವಾಗಿ ನಮೂದಿಸುವ ರೂಢಿ ನೆಲೆಯೂರಿತು. ಟ್ರಿನಿಟ್ರಾನ್‌ಗೆ ಅದರದೇ ಆದ ಕುಂದೂ ಇತ್ತು. ಜಾಲರಿಯ ಪಟ್ಟಿಗಳು ಅದುರದಂತೆ ಹಿಡಿದಿಡಲು ಅಡ್ಡಲಾಗಿ ಕಟ್ಟಿದ ಒಂದೆರಡು ತೆಳು ತಂತಿಗಳ ನೆರಳು ಬಿಳಿಯ ಹಿನ್ನೆಲೆಯಲ್ಲಿ ಕೂದಲೆಳೆಯಂತೆ ಕಾಣುತ್ತಿತ್ತು. ಸಾವಿರ ಡಾಲರ್ ತೆತ್ತವರು ಅದನ್ನು ದೋಷವೆಂದು ಭಾವಿಸಿ ಮಾನಿಟರನ್ನು ಅಂಗಡಿಗೆ ಮರಳಿಸಲು ಹೊರಟರೆ ಆಶ್ಚರ್ಯವೇನೂ ಇಲ್ಲ.

ನಳಿಕೆಯ ಹೊರತಾಗಿಯೂ ದುಬಾರಿ ಬೆಲೆ ಸಾರ್ಥಕವಾದ ಉದಾಹರಣೆ ಜಪಾನಿನದೇ ಆದ ಎನ್‌ಇಸಿ ಕಂಪನಿಯ ಮಲ್ಟಿಸಿಂಕ್. ಕಿರಣವು ಒಂದು ಸೆಕೆಂಡಿನಲ್ಲಿ ಎಷ್ಟು ಅಡ್ಡಗೆರೆಗಳನ್ನು ಎಳೆಯುತ್ತದೆ ಎಂಬುದು ಮಾನಿಟರಿನ ಆವರ್ತನ. ಪರದೆಗೆ ಚಿತ್ರ ಕಳಿಸಲು ಐಬಿಎಂ ರೂಪಿಸಿದ ಸಿಜಿಎ ಮಾದರಿಗೆ ಅದು 15.75 ಕಿಲೋಹರ್ಟ್ಸ್, ಇಜಿಎಗೆ ಸುಮಾರು 21.8, 1987ರಲ್ಲಿ ಬಂದ ವಿಜಿಎಗೆ 31.5. ಸಾಮಾನ್ಯ ಮಾನಿಟರುಗಳು ಒಂದೇ ಆವರ್ತನಕ್ಕೆ ಕಟ್ಟುಬಿದ್ದಿದ್ದರಿಂದ ಮಾದರಿ ಬದಲಾದಾಗಲೆಲ್ಲ ಹಳೆಯದನ್ನು ಮೂಲೆಗೆ ಸೇರಿಸಬೇಕಾಗುತ್ತಿತ್ತು. ಮಲ್ಟಿಸಿಂಕ್ 15.75ರಿಂದ 35 ಕಿಲೋಹರ್ಟ್ಸ್‌ವರೆಗಿನ ಯಾವ ಆವರ್ತನಕ್ಕಾದರೂ ತಾನೇ ಹೊಂದಿಕೊಳ್ಳುತ್ತಿದ್ದುದರಿಂದ, ವಿಜಿಎ ಹುಟ್ಟುವ ಮುನ್ನವೇ ಅದನ್ನು ಕೊಂಡವರು ವಿಜಿಎ ಬಂದ ಮೇಲೂ ಅದನ್ನೇ ಬಳಸಬಹುದಾಗಿತ್ತು. ಮಾನಿಟರಿನ ಇತಿಹಾಸದಲ್ಲಿ ಹೆಚ್ಚುವರಿ ಹಣ ಇಷ್ಟು ಸ್ಪಷ್ಟವಾಗಿ ಉಳಿತಾಯವಾಗಿ ಮರಳಿದ ಸಂದರ್ಭ ಮತ್ತೊಂದು ಸಿಗುವುದು ಕಷ್ಟ.

ಭಾರತೀಯ ಲಿಪಿಗಳಲ್ಲಿ ಕೆಲಸ ಮಾಡುತ್ತಿದ್ದವರ ಅಗತ್ಯ ಇದೇ ಕಾಲದಲ್ಲಿ ಬೇರೆ ಬಗೆಯದಾಗಿತ್ತು. ಕಾನ್ಪುರದ ಐಐಟಿಯಲ್ಲಿ ಮೊದಲಾಗಿ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದ ಕಾರ್ಡನ್ನು ಯಂತ್ರದೊಳಗೆ ಕೂಡಿಸಿದರೆ ಕನ್ನಡವೂ ಪರದೆಯ ಮೇಲೆ ಮೂಡುತ್ತಿತ್ತು. ಆದರೆ ಅಕ್ಷರದ ಕೆಳಗೆ ಒತ್ತು, ಬಲಕ್ಕೆ ದೀರ್ಘ, ತಲೆಯ ಮೇಲೆ ಗುಣಿತದ ಚಿಹ್ನೆ ಇರುವ ಲಿಪಿಗೆ ಒಂದು ಸಾಲಿನ ಎತ್ತರದಲ್ಲಿ ರೋಮನ್ ಲಿಪಿಗಿಂತ ಹೆಚ್ಚು ಚುಕ್ಕೆಗಳು ಬೇಕು. ಪುಟವಿನ್ಯಾಸ ಮಾಡುವವರಿಗೆ ಬಣ್ಣದ ನಿಷ್ಠೆಗಿಂತ ಚುಕ್ಕೆಗಳ ಸಂಖ್ಯೆಯೇ ಬೆಲೆಬಾಳುವ ಗುಣವಾಗಿತ್ತು, ಮತ್ತು ದೊಡ್ಡ ಹೆಸರಿಗೆ ತೆರುವ ಹಣವನ್ನು ದೊಡ್ಡ ಪರದೆಗೆ ಹಾಕುವುದು ಅವರ ಮಟ್ಟಿಗೆ ಹೆಚ್ಚು ಲಾಭಕರವಾಗಿತ್ತು.

1996ರ ಹೊತ್ತಿಗೆ ಟ್ರಿನಿಟ್ರಾನ್‌ನ ಮೂಲ ಪೇಟೆಂಟಿನ ಅವಧಿ ತೀರಿ, ಮಿತ್ಸುಬಿಷಿಯ ಡೈಮಂಡ್‌ಟ್ರಾನ್ ಅದೇ ತತ್ತ್ವದ ಮೇಲೆ ಪೈಪೋಟಿಗಿಳಿಯಿತು. ಸೋನಿ ಆಮೇಲೂ ತನ್ನ ಮೇಲ್ಮೆಯನ್ನು ಕೆಲಕಾಲ ಉಳಿಸಿಕೊಂಡಿತು; 24 ಇಂಚಿನ, ಸುಮಾರು 42 ಕಿಲೋ ತೂಗುತ್ತಿದ್ದ ಎಫ್‌ಡಬ್ಲ್ಯು900 ಮಾನಿಟರನ್ನು ಹಳೆಯ ಆಟಗಳ ಪ್ರೇಮಿಗಳು ಇಂದಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಆದರೆ ನಳಿಕೆಯ ಕಾಲವೇ ಮುಗಿಯುತ್ತಿತ್ತು.

ದ್ರವಸ್ಫಟಿಕದ ಚಪ್ಪಟೆ ಪರದೆ, ಅಂದರೆ ಎಲ್‌ಸಿಡಿ, ವ್ಯಾಪಾರದ ತಳಹದಿಯನ್ನೇ ಕದಲಿಸಿತು. ಹಿಂಬದಿಯ ದೀಪದ ಬೆಳಕನ್ನು ಬಿಡುವ ಅಥವಾ ತಡೆಯುವ ಗಾಜಿನ ಹಾಳೆಗೆ ಪ್ಯಾನೆಲ್ ಎಂದು ಹೆಸರು. ಅದನ್ನು ತಯಾರಿಸುವ ಕಾರ್ಖಾನೆಗೆ ಅಪಾರ ಬಂಡವಾಳ ಬೇಕಾದ್ದರಿಂದ ಆ ಕೆಲಸ ದಕ್ಷಿಣ ಕೊರಿಯಾ, ತೈವಾನ್, ಜಪಾನ್, ಆಮೇಲೆ ಚೀನಾದ ಕೆಲವೇ ಕಂಪನಿಗಳ ಕೈಯಲ್ಲಿ ಉಳಿಯಿತು. ಓರೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಎಂಬ ಬಗೆಯನ್ನು 1996ರ ಸುಮಾರಿಗೆ ಹಿಟಾಚಿ ಬಳಕೆಗೆ ತಂದಿತು. ಕೆಲವು ವರ್ಷಗಳಲ್ಲಿ ಎಲ್‌ಜಿ ಫಿಲಿಪ್ಸ್ ಅದರ ದೊಡ್ಡ ತಯಾರಕನಾಗಿ ಬೆಳೆದು ಎಲ್ಲರಿಗೂ ಸರಬರಾಜು ಮಾಡತೊಡಗಿತು. ಪರಿಣಾಮವಾಗಿ, ಬೇರೆಬೇರೆ ಹೆಸರಿನ ಪೆಟ್ಟಿಗೆಗಳೊಳಗೆ ಒಂದೇ ಕಾರ್ಖಾನೆಯ ಗಾಜು ಕೂತಿತು. ಆಪಲ್ 2004ರಲ್ಲಿ 3,299 ಡಾಲರಿಗೆ ಬಿಡುಗಡೆ ಮಾಡಿದ 30 ಇಂಚಿನ ಸಿನೆಮಾ ಡಿಸ್‌ಪ್ಲೇಯ ಬಗೆಯದೇ ಎಲ್‌ಜಿ ಫಿಲಿಪ್ಸ್ ಪ್ಯಾನೆಲ್ಲನ್ನು ಹೊತ್ತ ಡೆಲ್ ಮಾನಿಟರು 2005ರ ಕೊನೆಗೆ 2,199 ಡಾಲರಿಗೆ ಬಂದಾಗ, ನಡುವಿನ ಸಾವಿರದ ನೂರು ಡಾಲರ್ ಯಾತಕ್ಕೆ ಎಂಬ ಪ್ರಶ್ನೆಗೆ ಅಲ್ಯೂಮಿನಿಯಮ್ ಚೌಕಟ್ಟಿನ ಅಂದವನ್ನು ಬಿಟ್ಟು ಬೇರೆ ಸಮಾಧಾನ ಹೆಚ್ಚೇನೂ ಇರಲಿಲ್ಲ. ಹೊಸ ಮಾಲು ಒಂದೂವರೆ ವರ್ಷ ತಡವಾಗಿ ಬಂದದ್ದು ಬೆಲೆ ಇಳಿಯಲು ಒಂದು ಕಾರಣ ಎಂಬುದನ್ನು ಮಾತ್ರ ನ್ಯಾಯಕ್ಕಾಗಿ ಹೇಳಬೇಕು.

ಇದರ ತಾರ್ಕಿಕ ಕೊನೆ ಕಂಡದ್ದು 2011–12ರಲ್ಲಿ. ಆಪಲ್ 999 ಡಾಲರಿಗೆ ಮಾರುತ್ತಿದ್ದ 27 ಇಂಚಿನ ಮಾನಿಟರಿನಲ್ಲಿದ್ದ ಬಗೆಯದೇ ಎಲ್‌ಜಿ ಪ್ಯಾನೆಲ್ಲುಗಳನ್ನು ಯಮಕಾಸಿ, ಅಚೀವಾ, ಕ್ರಾಸ್‌ಓವರ್ ಎಂಬ ಅಪರಿಚಿತ ಹೆಸರುಗಳ ಕೆಳಗೆ ಕೊರಿಯಾದ ವ್ಯಾಪಾರಿಗಳು ಮುನ್ನೂರು ಡಾಲರಿನ ಆಸುಪಾಸಿಗೆ ಜಗತ್ತಿನೆಲ್ಲೆಡೆಗೆ ಅಂಚೆಯಲ್ಲಿ ಕಳಿಸತೊಡಗಿದರು. ಇವು ದೊಡ್ಡ ಕಂಪನಿಗಳ ತಪಾಸಣೆಯಲ್ಲಿ ಮೊದಲ ದರ್ಜೆಗೆ ಏರದ ಪ್ಯಾನೆಲ್ಲುಗಳು ಎಂಬುದೇ ಅಗ್ಗದ ಬೆಲೆಗೆ ಎಲ್ಲರೂ ಕೊಡುತ್ತಿದ್ದ ವಿವರಣೆ. ಪ್ಯಾನೆಲ್ಲಿನ ದರ್ಜೆ ಎಂದರೇನೆಂದು ಇಲ್ಲಿ ಹೇಳಬೇಕಾಗುತ್ತದೆ. 2001ರ ಐಎಸ್‌ಒ 13406-2 ಎಂಬ ಅಂತರರಾಷ್ಟ್ರೀಯ ಮಾನದಂಡವು ಕೆಟ್ಟ ಪಿಕ್ಸೆಲ್‌ಗಳ ಸಂಖ್ಯೆಯ ಮೇಲೆ ಪರದೆಗಳನ್ನು ವರ್ಗೀಕರಿಸಿತು. ಬಹುತೇಕ ತಯಾರಕರು ಪಾಲಿಸುತ್ತಿದ್ದ ಎರಡನೆಯ ವರ್ಗದಲ್ಲಿ ಹತ್ತು ಲಕ್ಷ ಪಿಕ್ಸೆಲ್‌ಗಳಿಗೆ ಸದಾ ಬೆಳಗುವಂಥವು ಎರಡು, ಸದಾ ಕಪ್ಪಾಗಿರುವಂಥವು ಎರಡು, ಪಿಕ್ಸೆಲ್ಲಿನ ಒಂದು ಬಣ್ಣ ಮಾತ್ರ ಕೆಟ್ಟಂಥವು ಐದು ಇದ್ದರೂ ಅದನ್ನು ದೋಷವೆಂದು ಎಣಿಸುತ್ತಿರಲಿಲ್ಲ. ಮುನ್ನೂರು ಡಾಲರಿನ ಮಾನಿಟರನ್ನು ಸೋಲ್‌ನಿಂದ ತರಿಸಿಕೊಂಡವನಿಗೆ ನಿರ್ದೋಷ ಪರದೆಯೂ ಸಿಗಬಹುದಿತ್ತು, ನಡುಮಧ್ಯದಲ್ಲಿ ಹಸಿರು ಚುಕ್ಕೆಯೂ ಸಿಗಬಹುದಿತ್ತು. ಮರಳಿಸುವ ಸಾಗಣೆ ವೆಚ್ಚ ನೆನೆದರೆ ಅದನ್ನು ಸಹಿಸಿಕೊಳ್ಳುವುದೇ ಲೇಸೆನಿಸುತ್ತಿತ್ತು. ಡೆಲ್ ಕಂಪನಿ ತನ್ನ ಅಲ್ಟ್ರಾಶಾರ್ಪ್ ಸಾಲಿನ ಮಾನಿಟರುಗಳಲ್ಲಿ ಸದಾ ಬೆಳಗುವ ಒಂದೇ ಒಂದು ಪಿಕ್ಸೆಲ್ ಕಂಡರೂ ಬದಲಿ ಕೊಡುವುದಾಗಿ ಭರವಸೆ ನೀಡಿದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾದುದು. ಗಾಜು ಎಲ್ಲರದೂ ಒಂದೇ ಆದ ಮೇಲೆ, ಗಾಜನ್ನು ಆರಿಸುವ ಮತ್ತು ಆರಿಸಿದ್ದಕ್ಕೆ ಜವಾಬ್ದಾರಿ ಹೊರುವ ಕೆಲಸಕ್ಕೇ ಬೆಲೆ ಬಂದಿತು.

ಈ ಬದಲಾವಣೆಯನ್ನು ಎಲ್ಲರಿಗಿಂತ ಚೆನ್ನಾಗಿ ವ್ಯಾಪಾರವಾಗಿಸಿಕೊಂಡದ್ದು ಜಪಾನಿನ ಇಷಿಕಾವಾ ಪ್ರಾಂತದ ಐಜೊ ಕಂಪನಿ. 1968ರಲ್ಲಿ ಹುಟ್ಟಿ ಟಿವಿ ತಯಾರಿಕೆಯಿಂದ ಆರಂಭಿಸಿದ ಈ ಸಂಸ್ಥೆ ಪ್ಯಾನೆಲ್ ತಯಾರಿಸುವುದಿಲ್ಲ, ಬೇರೆಯವರಿಂದ ಕೊಳ್ಳುತ್ತದೆ. 2003ರಲ್ಲಿ ಅದು ಆರಂಭಿಸಿದ ಕಲರ್‌ಎಡ್ಜ್ ಸರಣಿಯಲ್ಲಿ ಪ್ರತಿಯೊಂದು ಮಾನಿಟರನ್ನೂ ಕಾರ್ಖಾನೆಯಲ್ಲೇ ಬಿಡಿಬಿಡಿಯಾಗಿ ಅಳೆದು, ಗಾಢದಿಂದ ತಿಳಿಗೆ ಹೋಗುವ ಬಣ್ಣದ ಮೆಟ್ಟಿಲುಗಳನ್ನು ತಿದ್ದಿ, ಆ ತಿದ್ದುಪಡಿಯ ಕೋಷ್ಟಕವನ್ನು ಮಾನಿಟರಿನೊಳಗೇ ಅಡಗಿಸಿಡಲಾಗುತ್ತದೆ. ಎಲ್‌ಸಿಡಿಯ ಹಳೆಯ ಬೇನೆಯಾದ ಅಸಮತೆ, ಅಂದರೆ ಪರದೆಯ ನಡುಭಾಗ ಬೆಳಗಿ ಮೂಲೆಗಳು ಮಂಕಾಗುವುದು, ಇಂತಹುದೇ ಲೆಕ್ಕಾಚಾರದಿಂದ ಸರಿಹೋಗುತ್ತದೆ. ದೀಪ ಹಳತಾದಂತೆ ಬೆಳಕು ಕುಗ್ಗುವುದನ್ನು ಒಳಗಿನ ಸಂವೇದಕ ಗಮನಿಸುತ್ತದೆ. ಬಳಕೆಯ ಗಂಟೆಗಳ ಮಿತಿಯೊಡನೆ ಐದು ವರ್ಷದ ಖಾತರಿಯೂ ಇರುತ್ತದೆ. ಮುದ್ರಣಕ್ಕೆ ಹೋಗುವ ಛಾಯಾಚಿತ್ರವನ್ನು ತಿದ್ದುವವನಿಗೆ, ಎಕ್ಸ್‌ರೇ ಚಿತ್ರದಲ್ಲಿ ಸಣ್ಣ ಬೂದು ವ್ಯತ್ಯಾಸ ಹುಡುಕುವ ವೈದ್ಯನಿಗೆ ಇದು ಹಣಕ್ಕೆ ತಕ್ಕ ಮಾಲು. ಪತ್ರ ಬೆರಳಚ್ಚು ಮಾಡುವವನು ಅದೇ ಮಾನಿಟರು ಕೊಂಡರೆ, ಬಳಸದ ಅಳತೆಗೋಲಿಗೆ ಬಾಡಿಗೆ ಕಟ್ಟಿದಂತಾಗುತ್ತದೆ.

ಹೆಸರಿನ ಬೆಲೆ ಮತ್ತು ಕೆಲಸದ ಬೆಲೆ ಒಂದೇ ವಸ್ತುವಿನಲ್ಲಿ ಕಲಸಿಕೊಂಡ ಪ್ರಕರಣ 2019ರ ಜೂನ್ ತಿಂಗಳಿನದು. ಆಪಲ್ ತನ್ನ 32 ಇಂಚಿನ ಪ್ರೊ ಡಿಸ್‌ಪ್ಲೇ ಎಕ್ಸ್‌ಡಿಆರ್‌ಗೆ 4,999 ಡಾಲರ್ ಎಂದಾಗ ಅದನ್ನು ಚಲನಚಿತ್ರ ಸಂಕಲನದಲ್ಲಿ ಬಳಸುವ 43,000 ಡಾಲರಿನ ಆಧಾರ ಮಾನಿಟರಿಗೆ ಹೋಲಿಸಿತ್ತು. ಆ ಹೋಲಿಕೆಯಲ್ಲಿ ಬೆಲೆ ಅಗ್ಗವೆಂದೇ ತೋರಿತು. ಬೆನ್ನಿಗೇ ಮಾನಿಟರನ್ನು ನಿಲ್ಲಿಸುವ ಸ್ಟ್ಯಾಂಡಿಗೆ ಪ್ರತ್ಯೇಕವಾಗಿ 999 ಡಾಲರ್ ಎಂದು ಸಾರಿದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಪರದೆಯ ಬೆಲೆಯನ್ನು ಒಪ್ಪಿದ ತಂತ್ರಜ್ಞರೇ ಕಾಲಿನ ಬೆಲೆಯನ್ನು ಒಪ್ಪಲಿಲ್ಲ, ಮತ್ತು ಅವರ ಆ ವಿವೇಚನೆ ಸರಿಯಾಗಿಯೇ ಇತ್ತು.

ಓಎಲ್‌ಇಡಿ ಪರದೆಗಳು, ಅಂದರೆ ಹಿಂಬದಿ ದೀಪವಿಲ್ಲದೆ ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುವಂಥವು, ಮಾನಿಟರುಗಳಿಗೆ ಬಂದ ಮೇಲೆ ಪ್ಯಾನೆಲ್ಲುಗಳ ಬಹುಪಾಲು ಸ್ಯಾಮ್‌ಸಂಗ್ ಮತ್ತು ಎಲ್‌ಜಿಗಳ ಕಾರ್ಖಾನೆಗಳಿಂದಲೇ ಬರತೊಡಗಿತು. ಒಂದೇ ಚಿತ್ರ ಬಹುಕಾಲ ನಿಂತರೆ ಅದರ ಅಚ್ಚು ಪರದೆಯ ಮೇಲೆ ಉಳಿದುಬಿಡುವ ಬರ್ನ್-ಇನ್ ಎಂಬ ದೋಷ ಇವುಗಳಿಗಿದೆ. ಡೆಲ್ 2022ರಲ್ಲಿ ಸ್ಯಾಮ್‌ಸಂಗ್ ಪ್ಯಾನೆಲ್ಲಿನ ಏಲಿಯನ್‌ವೇರ್ ಮಾನಿಟರನ್ನು 1,299 ಡಾಲರಿಗೆ ತಂದಾಗ ಬರ್ನ್-ಇನ್ ದೋಷವನ್ನೂ ಮೂರು ವರ್ಷದ ಖಾತರಿಯೊಳಗೆ ಸೇರಿಸಿತು. ಅದೇ ಮೂಲದ ಪ್ಯಾನೆಲ್ಲುಗಳನ್ನು ಬಳಸುತ್ತಿದ್ದ ಎಂಎಸ್‌ಐ, ಆಸುಸ್ ಮುಂತಾದವರು 2024ರ ಹೊತ್ತಿಗೆ ತಮ್ಮ ಖಾತರಿಯನ್ನೂ ಅದೇ ಮಟ್ಟಕ್ಕೆ ಏರಿಸಬೇಕಾಯಿತು.