ಅಟ್ಟವೇರಿದ ಆಕಾಶವಾಣಿ

೧೯೩೫ರ ಸೆಪ್ಟೆಂಬರ್ ೧೦ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬ ನಾಮವು ಆ ನಿಲಯದ ಕೊಡುಗೆ. ೧೯೫೬ರಲ್ಲಿ ವಯನಾಡು ಕೇರಳಕ್ಕೆ ಸೇರಿತು. ಆದರೂ ಕನ್ನಡದ ವಾಣಿಯು ಎಲ್ಲೆಯನ್ನೆಣಿಸದೆ ನಮ್ಮವರ ವಾಲ್ವ್ ರೇಡಿಯೋಗಳಿಗೆ ಬರುತ್ತಿದ್ದಿತು.

ಆ ಪೆಟ್ಟಿಗೆಗಳು ಇಂದು ಅಟ್ಟದಲ್ಲಿ ಮೂಕವಾಗಿವೆ. ಇಲ್ಲಿಯ ಮಳೆಗಾಲದ ತೇವಕ್ಕೆ ಕಾಗದದ ಕಂಡೆನ್ಸರುಗಳು ಕೆಡುತ್ತವೆ. ಅವುಗಳಲ್ಲಿ ಸೋರಿದ ವಿದ್ಯುತ್ತು ಸರಿಯಿರುವ ವಾಲ್ವನ್ನೂ ಕೆಡಿಸಬಲ್ಲುದು. ಆದುದರಿಂದ ಆತುರದಿಂದ ಗುಂಡಿ ತಿರುಗಿಸಬಾರದು. ಬಲ್ಲವರು ಮೊದಲು ಕಂಡೆನ್ಸರನ್ನು ಬದಲಿಸಿ, ಕೂದಲೆಳೆಯಂಥ ತಂತಿಗೆ ಹದವರಿತು ಬೆಸುಗೆ ಹಾಕಿ, ಸ್ಪೀಕರಿನ ಹರಿದ ಕಾಗದಕ್ಕೆ ತೆಳುಗಾಗದವನ್ನು ಅಂಟಿಸುತ್ತಾರೆ. ವಾಲ್ವಿನ ಗಾಜು ಒಡೆದರೆ ಮಾತ್ರ ದುರಸ್ತಿಯಿಲ್ಲ.

ಓಲೆಗರಿಯಂತೆ ಇದೂ ನಮ್ಮ ಚರಿತ್ರೆಯೇ. ತಾಯ್ನುಡಿಯನ್ನು ಮನೆಬಾಗಿಲಿಗೆ ತಂದ ದೂತನನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿರಿ.