ಬೀಲ್ ಸ್ಟ್ರೀಟಿನ ಜಗ್ ಬ್ಯಾಂಡುಗಳು

ಅಮೆರಿಕದ ಮೆಂಫಿಸ್ ನಗರದ ಬೀಲ್ ಸ್ಟ್ರೀಟ್ 1920ರ ದಶಕದಲ್ಲಿ ಕಪ್ಪು ಜನರ ಅಂಗಡಿ, ನಾಟಕಶಾಲೆ, ಹಾಡು-ಕುಣಿತಗಳ ಬೀದಿ. ಅಲ್ಲಿ ಗಿಟಾರ್, ಹಾರ್ಮೋನಿಕಾ ನುಡಿಸುತ್ತಿದ್ದ ವಿಲ್ ಶೇಡ್‌ನ ಕಿವಿಗೆ ಲೂಯಿವಿಲ್ ಊರಿನ ಜಗ್ ಬ್ಯಾಂಡಿನ ರೆಕಾರ್ಡುಗಳು ಬಿದ್ದವು. ಅಂಥದ್ದೇ ಒಂದು ತಂಡ ಕಟ್ಟಬೇಕೆಂದು ಊರಿನ ವಾದಕರನ್ನು ಕೂಡಿಸಿಕೊಂಡ. ಮೆಂಫಿಸ್ ಜಗ್ ಬ್ಯಾಂಡ್ ಹುಟ್ಟಿದ್ದು ಹಾಗೆ.

ಮಂದ್ರ ಸ್ವರಕ್ಕೆ ಹಿತ್ತಾಳೆಯ ಊದುವಾದ್ಯ ಟ್ಯೂಬಾ ಕೊಳ್ಳುವ ಶಕ್ತಿ ಯಾರಿಗಿತ್ತು? ವಿಸ್ಕಿಯ ಜಾಡಿಯೇ, ಅಂದರೆ ಜಗ್, ಆ ಜಾಗ ತುಂಬಿತು. ವಾದಕ ಜಾಡಿಯ ಬಾಯಿಗೆ ತುಟಿ ಅಂಟಿಸುವುದಿಲ್ಲ. ತುಸು ದೂರದಲ್ಲಿ ಹಿಡಿದು, ತುಟಿ ಅದುರಿಸುತ್ತ ಊದುತ್ತಾನೆ. ಒಳಗಿನ ಗಾಳಿ ಆ ಸದ್ದನ್ನು ಹಿಗ್ಗಿಸುತ್ತದೆ. ತುಟಿ ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಇನ್ನು ಬಟ್ಟೆ ಒಗೆಯುವ ಟಬ್ಬನ್ನು ಬೋರಲು ಹಾಕಿ, ನಡುವೆ ಕಟ್ಟಿದ ಹಗ್ಗವನ್ನು ಪೊರಕೆ ಕೋಲಿನ ತುದಿಗೆ ಬಿಗಿದರೆ ಬೇಸ್ ವಾದ್ಯ ಸಿದ್ಧ. ಇದನ್ನೆಲ್ಲ ಬರೀ ಬಡತನದ ಉಪಾಯವೆನ್ನುವುದು ಅನ್ಯಾಯ. ಟ್ಯೂಬಾದಲ್ಲಿ ಸಿಗದ ಒರಟು ಇಂಪು ಆ ಜಾಡಿಯಲ್ಲಿದೆ.

1927ರ ಫೆಬ್ರುವರಿಯಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಯ ರಾಲ್ಫ್ ಪಿಯರ್ ಮೆಂಫಿಸ್‌ನಲ್ಲೇ ಶೇಡ್ ತಂಡದ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ.

ಮರುವರ್ಷ ಅದೇ ಕಂಪನಿಗೆ ಬ್ಯಾಂಜೊ ವಾದಕ ಗಸ್ ಕ್ಯಾನನ್ ತನ್ನ ಜಗ್ ತಂಡದೊಡನೆ ಹಾಡಿದ. ಬಾಲ್ಯದಲ್ಲಿ ಬಾಣಲೆಗೆ ರಕೂನ್ ಚರ್ಮ ಬಿಗಿದು ಮೊದಲ ಬ್ಯಾಂಜೊ ಮಾಡಿಕೊಂಡಿದ್ದ ಮನುಷ್ಯ! ಈಗ ಕೊರಳಿಗೆ ಜಾಡಿ ಕಟ್ಟಿಕೊಂಡು, ಬ್ಯಾಂಜೊ ನುಡಿಸುತ್ತಲೇ ಅದನ್ನೂ ಊದುತ್ತಿದ್ದ. ಆರ್ಥಿಕ ಮುಗ್ಗಟ್ಟಿನಲ್ಲಿ, 1930ರ ನಂತರ, ಆತನ ತಂಡದ ಧ್ವನಿಮುದ್ರಣಗಳು ನಿಂತವು. ಆದರೆ 1929ರಲ್ಲಿ ಆತ ಹಾಡಿದ್ದ ‘ವಾಕ್ ರೈಟ್ ಇನ್’ 1963ರಲ್ಲಿ ರೂಫ್‌ಟಾಪ್ ಸಿಂಗರ್ಸ್ ತಂಡದ ದನಿಯಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ, ಎಂಬತ್ತರ ಆಸುಪಾಸಿನಲ್ಲಿದ್ದ ಕ್ಯಾನನ್‌ನದೇ ಆಲ್ಬಂ ಒಂದನ್ನು ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ ಹೊರತಂದಿತು.