ಬಾಯಮ್ಮ ತಂದ ಕುರಲ್

ನಾನು ಚಿಕ್ಕವಳಿದ್ದಾಗ ಸಪ್ಟೆಂಬರ್ 8ರಂದು ವಾಮದಪದವಿನ ನಮ್ಮ ಜಗಲಿಗೆ ಒಂದು ಭತ್ತದ ತೆನೆ ಬರುತ್ತಿತ್ತು. ನಮ್ಮ ಗದ್ದೆ ದಾಟಿದರೆ ಬಾಯಮ್ಮನ ಮನೆ. ಬಲಿಪೂಜೆ ಮುಗಿಸಿ ಬಂದ ಅವರು, ತಮ್ಮ ಮನೆಯವರು ಊಟಕ್ಕೆ ಕೂರುವ ಮೊದಲೇ, ತೆನೆಯನ್ನೂ ಒಂದು ತುಂಡು ಕಬ್ಬನ್ನೂ ತಂದು "ಅಮ್ಮಾ, ಕುರಲ್" ಎಂದು ಜಗಲಿಯ ಅಂಚಿನಲ್ಲಿಟ್ಟು ಹೋಗುತ್ತಿದ್ದರು. ಅಜ್ಜಿ ಅವರನ್ನು ಒಳಗೆ ಕರೆದದ್ದು ನನಗೆ ನೆನಪಿಲ್ಲ. ಕಬ್ಬು ಮಕ್ಕಳಿಗೆ, ತೆನೆ ದನಕ್ಕೆ. ಬಾಯಮ್ಮನಿಗೆ ಇದು ಗೊತ್ತಿತ್ತೆಂದೇ ನನ್ನ ನಂಬಿಕೆ. ಆದರೂ ಮರುವರ್ಷ ಮತ್ತೆ ಬರುತ್ತಿದ್ದರು.

ಆ ಹಬ್ಬ ನಮ್ಮ ತಾಲೂಕಿನದೇ ಎಂದು ತಿಳಿದದ್ದು ನಾನು ಶಾಲೆಯಲ್ಲಿ ಇತಿಹಾಸ ಕಲಿಸತೊಡಗಿದ ಮೇಲೆ. ಫರಂಗಿಪೇಟೆಯಲ್ಲಿ ನೇತ್ರಾವತಿಯ ಬದಿಯ ಗುಡ್ಡದ ಮೇಲೆ ಮೊಂತೆ ಮರಿಯಾನೊ ಇಗರ್ಜಿಯಿದೆ. ಗೋವೆಯ ಪಾದ್ರಿ ಜೋಕಿಂ ಮಿರಾಂದ ಅವರು 1763ರಲ್ಲಿ ಅಲ್ಲಿ ಮರಿಯಮ್ಮನವರ ಜನ್ಮದಿನಕ್ಕೆ ಹೊಸ ಬೆಳೆಯ ಹಬ್ಬವನ್ನು ಸೇರಿಸಿದರೆಂದು ಹೇಳುತ್ತಾರೆ. ಮೊಂತೆ ಎಂದರೆ ಗುಡ್ಡ. ಹಾಗಾಗಿ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುತ್ತಾರೆ. ಹಬ್ಬದ ದಿನ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಆ ಕಾಳು ಸುಲಿದು, ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಮುಂಬಯಿ, ಗಲ್ಫ್‌ಗಳಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ತೆನೆ ಕಳಿಸುವುದೂ ಉಂಟು. ನಮ್ಮ ಹೊಸಅಕ್ಕಿ ಊಟಕ್ಕೂ ಇದಕ್ಕೂ ಎಷ್ಟು ದೂರ, ನೀವೇ ಹೇಳಿ!

ಇಪ್ಪತ್ತೊಂದು ವರ್ಷಗಳಲ್ಲೇ, 1784ರಲ್ಲಿ, ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಮಂದಿ ಎಂಬಲ್ಲಿ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಸಾವಿರಗಟ್ಟಲೆ ಎಂಬುದರಲ್ಲಿ ಸಂಶಯವಿಲ್ಲ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಇಗರ್ಜಿಗಳನ್ನು ಕೆಡವಿದರು. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಇಗರ್ಜಿ ಮಾತ್ರ ಚೌಟ ಅರಸರ ಸ್ನೇಹದಿಂದ ಉಳಿಯಿತೆಂಬ ಮಾತಿದೆ. ಚೌಟರು ಜೈನರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಊರಿಗೆ ಮರಳಿದರು. ಅಷ್ಟೆಲ್ಲ ಕಳೆದುಕೊಂಡವರು ಹೊಸ ಅಕ್ಕಿಯನ್ನು ಡಬ್ಬಿಯಲ್ಲಿ ಭದ್ರಮಾಡಬೇಕಿತ್ತಲ್ಲವೇ? ಹಂಚಿ ಉಣ್ಣುವ ಹಬ್ಬವನ್ನೇ ಉಳಿಸಿಕೊಂಡರು. ತರಗತಿಯಲ್ಲಿ ಇಲ್ಲಿಗೆ ಬಂದಾಗಲೆಲ್ಲ ನನಗೆ ನಮ್ಮ ದನದ ಕೊಟ್ಟಿಗೆ ನೆನಪಾಗುತ್ತಿತ್ತು.

ವಿನಯವೆಂದರೆ ಕೊನೆಗೆ ಉಣ್ಣುವುದು ಎಂದು ಹೆಂಗಸರಾದ ನಮಗೆ ಎಲ್ಲ ಜಾತಿಮತದವರೂ ಕಲಿಸಿದ್ದಾರೆ. ಬಾಯಮ್ಮನೂ ಕೊನೆಗೇ ಉಣ್ಣುತ್ತಿದ್ದರು. ಅದನ್ನು ನಾನು ಹೊಗಳಲಾರೆ. ಪವಿತ್ರ ಗುರುವಾರ ಪಾದ್ರಿಗಳು ಬಾಗಿ ಭಕ್ತರ ಕಾಲು ತೊಳೆಯುತ್ತಾರೆ. ಆ ಸಾಲಿನಲ್ಲಿ ಹೆಂಗಸರೂ ಕೂರಬಹುದೆಂದು ರೋಮಿನಿಂದ ಅಪ್ಪಣೆ ಬಂದದ್ದು 2016ರಲ್ಲಿ! ಆದರೆ ಗದ್ದೆ ದಾಟಿ ತೆನೆ ತರುವಂತೆ ಬಾಯಮ್ಮನಿಗೆ ಯಾರೂ ಹೇಳಿರಲಿಲ್ಲ.

ಈಗ ಸುತ್ತಲಿನ ಗದ್ದೆಗಳೆಲ್ಲ ಅಡಿಕೆ ತೋಟ. ಆ ಮನೆ, ಗದ್ದೆ ನನ್ನ ಪಾಲಿಗೆ ಬಂದಿವೆ. ಹಬ್ಬದ ಮುನ್ನಾದಿನ ಇಗರ್ಜಿಯ ಹುಡುಗರು ತೆನೆ ಕೇಳಿಕೊಂಡು ನಮ್ಮಲ್ಲಿಗೇ ಬರುತ್ತಾರೆ. ಮರುದಿನ ಅದೇ ಗದ್ದೆಯ ತೆನೆ ಹಿಡಿದು, ಕೋಲೂರಿಕೊಂಡು ಬಾಯಮ್ಮ ಬರುತ್ತಾರೆ. ಎಂಬತ್ತು ದಾಟಿದೆ. ಒಳಗೆ ಬನ್ನಿ ಎಂದು ಕೈ ಹಿಡಿದರೂ ಜಗಲಿಯ ಅಂಚಿನಲ್ಲೇ ಕೂರುತ್ತಾರೆ.

"ಬೇಡ ಮಗಾ, ಪಾಯಸಕ್ಕೆ ಹಾಲಿಟ್ಟು ಬಂದಿದ್ದೇನೆ. ಉಕ್ಕೀತು" ಎನ್ನುತ್ತಾರೆ, ಪ್ರತಿ ವರ್ಷವೂ.